ಅರ್ಧ ಅಕ್ಕನಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ನನಗಾಗ ಒಂಬತ್ತು ವರ್ಷ. ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಮನೆಯಲ್ಲಿ ಕೇಳಿ ಕೇಳಿ ಕಂಡಂತೆಯೇ ಆದದ್ದು ಯಾವುದು ಎಂದು ಬೇರ್ಪಡಿಸಲು ಎಷ್ಟೋ ಸಲ ಡೈರಿ ತೆರೆದು ಕೂತಿದ್ದೇನೆ. ಆಗಿಲ್ಲ. ಲವಂಗದ ವಾಸನೆಯೊಂದು ಮಾತ್ರ ನನ್ನದೇ. ಅದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

ಹೋದ ತಿಂಗಳು ಬೀದರಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಅವರು ನನ್ನ ದವಡೆಗೆ ಒತ್ತಿದ ಕೂಡಲೇ ಕರಿ ಕೋಟೊಂದು ಬಾಗಿ ನನ್ನ ಮುಖದ ಹತ್ತಿರ ಬಂದ ಹಾಗಾಯಿತು. ವಕೀಲಬಾಯಿ! ಕೋರ್ಟಿನ ವರಾಂಡದಲ್ಲಿ ಎಲ್ಲರೂ ಆ ಮಹಿಳಾ ವಕೀಲರನ್ನು ಕರೆಯುತ್ತಿದ್ದದ್ದು ಹಾಗೆ. ವಾದಕ್ಕೆ ಏಳುವ ಮುಂಚೆ ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಗಂಟಲು ಒಣಗಬಾರದೆಂದು. ಮಕ್ಕಳ ಜೊತೆ ಮಾತಾಡುವ ಮುಂಚೆಯೂ ಒಂದು ಹಾಕಿಕೊಳ್ಳುತ್ತಿದ್ದರು. ಅದು ಯಾಕೆಂದು ಕೇಳಬೇಕಿತ್ತು, ಕೇಳಲಿಲ್ಲ…

ಗಂಡ ಹೆಂಡತಿ ಬೇರೆಯಾಗಿ ಮಕ್ಕಳಿಗಾಗಿ ಕೋರ್ಟಿಗೆ ಬಂದಾಗ ಅಪ್ಪನಿಗೊಬ್ಬ ವಕೀಲ, ಅವ್ವನಿಗೊಬ್ಬ ವಕೀಲ. ಮಗುವಿಗೆ ಯಾರೂ ಇಲ್ಲ. ಅಂಥ ಪ್ರಕರಣ ಬಂದಾಗ ನ್ಯಾಯಾಧೀಶರು ಮಗುವಿನ ಪರವಾಗಿ ಇವರನ್ನು ನೇಮಿಸುತ್ತಿದ್ದರು. ಬರಬರುತ್ತಾ ಉಳಿದ ಕೆಲಸವನ್ನೆಲ್ಲ ಬಿಟ್ಟು ಅವರು ಇದೊಂದನ್ನೇ ಹಿಡಿದರು. ಉಳಿದ ವಕೀಲರಿಗೆ ಅದೊಂದು ತಮಾಷೆ. ಒಮ್ಮೆ ಒಬ್ಬರು ನನ್ನ ಎದುರಿಗೇ ಅವರನ್ನು ಛೇಡಿಸಿದ್ದರು.

"ಏನ್ ಬಾಯಿ, ಇವತ್ತ ನಿಮ್ಮ ಕಕ್ಷಿದಾರರು ಕೋರ್ಟಿಗಿ ಬಂದಿಲ್ಲೇನ್ರಿ?"

"ಸಾಲಿಗಿ ಹೋಗ್ಯಾರ್ರಿ. ನಿಮ್ಮ ಕಕ್ಷಿದಾರರೂ ಹೋಗಿದ್ರ ಇಲ್ಲಿಗ್ಯಾಕ ಬರ್ತಿದ್ರು?"

ವರಾಂಡವೆಲ್ಲ ನಕ್ಕಿತು. ವಕೀಲಬಾಯಿ ಮಾತ್ರ ನಗದೆ, ನನ್ನ ಜಡೆಯ ರಿಬ್ಬನ್ ಬಿಚ್ಚಿದ್ದನ್ನು ಕಟ್ಟುತ್ತಿದ್ದರು.

ಅಪ್ಪನ ಊರು ಭಾಲ್ಕಿ ಹತ್ತಿರದ ಖಟಕ ಚಿಂಚೋಳಿ. ಅವ್ವನದು ಔರಾದ ಕಡೆಯ ಎಕಂಬಾ. ಅಪ್ಪನ ಕಡೆ ಮಾತು ಕನ್ನಡ, ಅವ್ವನ ಕಡೆ ಮರಾಠಿ, ನಮ್ಮ ಬಾಯಲ್ಲಿ ಎರಡೂ. ಇಬ್ಬರ ನಡುವೆ ಏನಾಯಿತೆಂದು ನಾನು ಬರೆಯುವುದಿಲ್ಲ. ನನಗೆ ಪೂರ್ತಿ ಗೊತ್ತೂ ಇಲ್ಲ. ಅವ್ವ ನನ್ನನ್ನೂ ಐದು ವರ್ಷದ ತಮ್ಮನನ್ನೂ ಕರೆದುಕೊಂಡು ಬೀದರಿಗೆ ಬಂದಳು, ಒಂದು ಕೋಣೆ ಬಾಡಿಗೆಗೆ ಹಿಡಿದಳು, ಊರ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಅಪ್ಪ ಮಕ್ಕಳು ತನಗೆ ಬೇಕೆಂದು ಅರ್ಜಿ ಹಾಕಿದ. ಕೋರ್ಟು ನಡೆಯುತ್ತಿದ್ದಾಗಲೇ ಎರಡೂ ಕಡೆಯ ಹಿರಿಯರು ಕೂತು ಒಂದು ರಾಜಿ ಮಾಡಿದರು. ಹುಡುಗಿ ತಾಯಿಗೆ, ಹುಡುಗ ತಂದೆಗೆ. ನಮ್ಮ ಕಡೆ ಇಂಥ ರಾಜಿಗೆ ಎಲ್ಲರೂ ತಲೆದೂಗುತ್ತಾರೆ. ಯಾರೂ ಸೋತ ಹಾಗಾಗುವುದಿಲ್ಲ ನೋಡಿ. ಜಗಳ ಅಲ್ಲಿಗೆ ಮುಗಿಯುತ್ತದೆ, ತಮ್ಮನಿಗೆ ಅಕ್ಕ ಇಲ್ಲವಾಗುತ್ತಾಳೆ, ಅಷ್ಟೇ.

ವಕೀಲಬಾಯಿ ನಮ್ಮನ್ನು ಮೊದಲು ಕಂಡದ್ದು ಕೋರ್ಟಿನ ಹಿಂದಿನ ಗಲ್ಲಿಯ ತಮ್ಮ ಕೋಣೆಯಲ್ಲಿ. ಆ ಕೋಣೆಯ ಗೋಡೆಗೆ ನನ್ನ ಎದೆಮಟ್ಟದಲ್ಲಿ ಸಾಲಾಗಿ ಮೊಳೆ ಹೊಡೆದಿದ್ದರು. ಬಂದ ಮಗು ತನ್ನ ಪಾಟಿಚೀಲವನ್ನು ತಾನೇ ತೂಗುಹಾಕಬೇಕು, ಹೋಗುವಾಗ ತಾನೇ ಇಳಿಸಿಕೊಳ್ಳಬೇಕು. ನಾನು ಚೀಲ ಹಾಕಿ ತಿರುಗಿದವಳೇ, ಅವ್ವನ ಅಣ್ಣ ಮಾಮಾ ಕಲಿಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ: "ನಂಗ ಅವ್ವನ ಬಲ್ಲಿ ಇರೋದದರಿ, ತಮ್ಮ ಅಪ್ಪನ ಬಲ್ಲಿ ಖುಷಿ ಇರ್ತಾನ್ರಿ."

"ಭಾಳ ಛಲೋ ಹೇಳ್ದಿ ಬೇಟಾ. ಎಷ್ಟು ಸಲ ಹೇಳಿ ರೂಢಿ ಮಾಡ್ದಿ?"

"ಹತ್ತು ಸಲ್ರಿ."

"ಶಾಣ್ಯಾ ಇದ್ದಿ. ಈಗ ಅದು ಬಿಡು. ನಿನ್ನಿ ಮುಂಜಾನಿಂದ ಹೇಳು. ಎದ್ದಿ. ಮುಂದ?"

ಯಾರ ಹತ್ತಿರ ಇರುತ್ತೀ ಎಂದು ಅವರು ಮಕ್ಕಳನ್ನು ಯಾವತ್ತೂ ಕೇಳುತ್ತಿರಲಿಲ್ಲ. ನಿನ್ನೆಯ ದಿನ ಹೇಳು ಎನ್ನುತ್ತಿದ್ದರು, ಅಷ್ಟೇ. ನಾನು ಹೇಳಿದೆ. ಎದ್ದೆ, ತಮ್ಮನ ಮುಖ ತೊಳೆದೆ. ಅವ್ವ ಡ್ಯೂಟಿಗೆ ಹೋದಳು. ಒಂದು ರೊಟ್ಟಿ, ಅರ್ಧ ನನಗೆ, ಅರ್ಧ ತಮ್ಮನಿಗೆ. ಅವನ ಅಂಗಿಯ ಗುಂಡಿ ಹಾಕಿದೆ. ಸಾಲಿಗೆ ಕರೆದುಕೊಂಡು ಹೋದೆ… ಅವರು ಬರೆದುಕೊಳ್ಳುತ್ತಿದ್ದರು. ನಡುವೆ ಒಮ್ಮೆ ಪೆನ್ನು ನಿಲ್ಲಿಸಿ ತಮ್ಮನನ್ನು ನೋಡಿದರು. ಅವರು ಕೊಟ್ಟಿದ್ದ ಬಿಸ್ಕೀಟನ್ನು ಅವನು ಆಗಲೇ ಮುರಿದು, ಒಂದು ತುಂಡನ್ನು ನನ್ನ ಮೊಣಕಾಲ ಮೇಲೆ ಇಟ್ಟಿದ್ದ. ಏನೇ ಸಿಕ್ಕರೂ ಅರ್ಧ ಅಕ್ಕನಿಗೆ ಎಂದು ಅವ್ವ ಅವನಿಗೆ ಕಲಿಸಿದ್ದಳು.

ರಾಜಿಯ ಕಾಗದ ಬಂದ ದಿನ ವರಾಂಡದಲ್ಲಿ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಅಥವಾ ಹಾಗೆಂದು ನಂಬಿದ್ದೇನೆ. ಮಾಮಾ ಕಾಗದವನ್ನು ಅವರ ಮುಂದೆ ಹಿಡಿದ.

"ನಮ್ಮ ನಮ್ಮದಾಗ ಮುಗಿಸೇವ್ರಿ ಬಾಯಿ. ನೀವೂ ಒಂದು ಸಹಿ ಹಾಕಿ ಬಿಡ್ರಿ."

ಅವರು ಪೂರ್ತಿ ಓದಿದರು. "ಇದರಾಗ ಮಕ್ಕಳು ಒಬ್ಬರಿಗೊಬ್ಬರು ಯಾವಾಗ ಭೇಟಿ ಆಗ್ತಾರಂತ ಬರ್ದೇ ಇಲ್ಲಲ್ರಿ?"

"ಅಣ್ಣ ತಂಗಿ ಎಲ್ಲಿ ಹೋಗ್ತಾರ್ರಿ? ಲಗ್ನ ಮುಂಜಿಗಿ ಭೇಟಿ ಆಗ್ತಾವ. ಸಣ್ಣ ಕೂಸುಗೋಳು, ನಾಕ್ ದಿನದಾಗ ಮರೀತಾವ. ಅವಕ್ಕೇನ್ ತಿಳಿತದ?"

"ಅಣ್ಣ ತಂಗಿ ಅಲ್ರಿ, ಅಕ್ಕ ತಮ್ಮ. ಯಾರು ದೊಡ್ಡವರು ಅಂತನೂ ನಿಮಗ ನೆನಪಿಲ್ಲ. ನಾ ಸಹಿ ಹಾಕಲ್ಲ."

"ಎರಡೂ ಮನೀವರು ಒಪ್ಯಾರ್ರಿ ಬಾಯಿ!"

"ನನ್ನವರು ಒಪ್ಪಿಲ್ಲ."

ಆಗಲೇ ನಾನು ಆ ಕಾಗದವನ್ನು ನೋಡಿದ್ದು. ಅವರ ಕೈ ನನ್ನ ಕಣ್ಣಿನ ಮಟ್ಟಕ್ಕೆ ಇಳಿದಿತ್ತು. ಕೆಳಗೆ, ಅಪ್ಪ ಅವ್ವ ಸಹಿ ಹಾಕಬೇಕಾದಲ್ಲಿ, ನೀಲಿ ಶಾಯಿಯ ಒಂದೇ ಒಂದು ಸಹಿ, ಪಕ್ಕದ ಜಾಗ ಖಾಲಿ… ಇದರ ಮಾತಿಗೆ ಮತ್ತೆ ಬರುತ್ತೇನೆ.

ಒಳಗೆ ಅವರು ನ್ಯಾಯಾಧೀಶರ ಹತ್ತಿರ ಕೇಳಿದ್ದು ಹದಿನೈದು ದಿನ. ರಾಜಿಯಲ್ಲಿ ಬರೆದ ಹಾಗೆಯೇ ಹದಿನೈದು ದಿನ ಮಕ್ಕಳು ಬೇರೆ ಬೇರೆ ಇರಲಿ, ತಾನು ಎರಡೂ ಮನೆಗೆ ಹೋಗಿ ನೋಡಿ ಬಂದು ಹೇಳುತ್ತೇನೆ, ಆದೇಶ ಆಮೇಲಾಗಲಿ. ತಮ್ಮನನ್ನು ಕಳಿಸಲು ಒಪ್ಪಿದವರು ಅವರೇ ಎಂಬುದನ್ನು ನಾನು ಬಹಳ ವರ್ಷ ಕ್ಷಮಿಸಲಿಲ್ಲ. ಐದು ವರ್ಷದ ಮಗುವನ್ನು ಹೀಗೆ ಪರೀಕ್ಷೆಗೆ ಹಾಕಬಹುದೇ?

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಅವರು ನನ್ನನ್ನು ಖಟಕ ಚಿಂಚೋಳಿಗೆ ಕರೆದುಕೊಂಡು ಹೋದರು. ಅಪ್ಪ ಜೀಪು ಕಳಿಸುತ್ತೇನೆಂದಿದ್ದ. ವಕೀಲಬಾಯಿ ಬಸ್ಸಿದೆ ಎಂದರು. ಯಾರ ಗಾಡಿಯನ್ನೂ ಹತ್ತುತ್ತಿರಲಿಲ್ಲ, ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ. ನೀರಿನ ಬಾಟಲಿಯೂ ತಮ್ಮದೇ. ಭಾಲ್ಕಿಯಲ್ಲಿ ಬಸ್ಸು ಬದಲಿಸುವಾಗ ನಾನು ಕೇಳಿದೆ, "ಅಂವ ಅಳ್ಲತ್ತಾನೇನ್ರಿ?"

"ನಂಗೂ ಗೊತ್ತಿಲ್ಲ ಬೇಟಾ. ಗೊತ್ತಿದ್ರ ಬಸ್ಸಿಗ್ಯಾಕ ಹತ್ತತಿದ್ದೆ?"

ಅವನು ಅಳುತ್ತಿರಲಿಲ್ಲ. ಅಂಗಳದಲ್ಲಿ ಆಡಿನ ಮರಿಗೆ ತೊಗರಿ ಸೊಪ್ಪು ತಿನ್ನಿಸುತ್ತಿದ್ದ. ಮೈ ತುಂಬಿಕೊಂಡಿದ್ದ. ನನ್ನನ್ನು ಕಂಡು ನಕ್ಕ, ಮತ್ತೆ ಮರಿಯ ಕಡೆ ತಿರುಗಿದ. ನನಗಾದ ಸಂಕಟವನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅವನು ಅತ್ತಿರಬೇಕಿತ್ತು ಎಂದುಕೊಂಡಿದ್ದೆ.

ಅಪ್ಪ ಹೊಲದಿಂದ ಬಂದು ಎದೆ ಉಬ್ಬಿಸಿ ಹೇಳಿದ, "ನೋಡ್ರಿ ಬಾಯಿ. ಹ್ಯಾಂಗ ಹಾನ ನೋಡ್ರಿ. ಇಲ್ಲಿ ಏನ್ ಕಮ್ಮಿ ಅದ?"

ವಕೀಲಬಾಯಿ ಹೌದೆಂದರು, ಬರೆದುಕೊಂಡರು. ಮಗು ಚೆನ್ನಾಗಿದೆ ಎಂದೇ ಬರೆದುಕೊಂಡರು, ನಾನು ಇಣುಕಿ ಓದಿದೆ. ನಾವು ಸೋತೆವು ಎಂದುಕೊಂಡೆ.

ಹೊರಡುವಾಗ ಆಯಿ, ಅಪ್ಪನ ತಾಯಿ, ಹಿತ್ತಲ ಬಾಗಿಲಿಗೆ ಬಂದು ವಕೀಲಬಾಯಿಯನ್ನು ಕೈಸನ್ನೆ ಮಾಡಿ ಕರೆದಳು. ಸೆರಗಿನ ಕೆಳಗಿಂದ ಒಂದು ತಗಡಿನ ಡಬ್ಬಿ ತೆಗೆದಳು. ಒಳಗೆ ಅರ್ಧ ಶೇಂಗಾ ಉಂಡಿ. ಅರ್ಧ ಕರ್ಚಿಕಾಯಿ. ನಡುವೆ ಮುರಿದ ಬಳಪ. ರೊಟ್ಟಿಯ ಒಣಗಿದ ಅರ್ಧಗಳು, ಒಂದರ ಮೇಲೊಂದು. ಇರುವೆ ಮುತ್ತಿದ್ದವು.

"ಅಳಾದಿಲ್ರಿ ನನ್ನ ಕೂಸು. ಅತ್ತಿದ್ರ ಸಮಾಧಾನ ಮಾಡ್ತಿದ್ದೆ. ಏನ್ ಕೊಟ್ರೂ ಮುರೀತಾನ, ಅರ್ಧ ಅಕ್ಕಗ ಅಂತಾನ, ನನ್ನ ಕೈಯಾಗ ಇಡ್ತಾನ. ಎಲ್ಲಿ ಒಗೀಲ್ರಿ ನಾ?"

"ಇದು ನೀವು ಕೋರ್ಟಿನಾಗ ಬಂದು ಹೇಳ್ತೀರೇನ್ರಿ ಆಯಿ?"

"ಹೆತ್ತ ಮಗನ ಎದುರಿಗಿ ನಾ ಹ್ಯಾಂಗ ನಿಲ್ಲಲಿ? ನಾ ನಿಲ್ಲಲ್ಲ. ಡಬ್ಬಿ ನಿಲ್ತದ. ಒಯ್ರಿ."

ಹಿಂದಿರುಗುವಾಗ ಬಸ್ಸಿನಲ್ಲಿ ಆ ಡಬ್ಬಿಯನ್ನು ಅವರು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೀದರು ಬರುವ ತನಕ ಒಂದು ಲವಂಗವನ್ನೂ ಬಾಯಿಗೆ ಹಾಕಲಿಲ್ಲ…

ಕೋರ್ಟಿನ ಒಳಗೆ ಏನಾಯಿತೆಂದು ನಾನು ಕಂಡಿಲ್ಲ. ಡಬ್ಬಿ ತೆಗೆದಾಗ ಇರುವೆಗಳು ಮೇಜಿನ ಮೇಲೆಲ್ಲ ಹರಿದಾಡಿ ನ್ಯಾಯಾಧೀಶರು ಕುರ್ಚಿ ಹಿಂದಕ್ಕೆ ಸರಿಸಿದರು ಎಂದು ಅವ್ವ ಹೇಳುತ್ತಾಳೆ. ಡಬ್ಬಿಗಿಬ್ಬಿ ಏನೂ ಇರಲಿಲ್ಲ, ಬಾಯಿ ಬರೀ ಕಾಗದ ಓದಿದರು ಎಂದು ಮಾಮಾ ಹೇಳುತ್ತಿದ್ದ. ವಕೀಲಬಾಯಿ ಅದನ್ನು ಬಗಲಲ್ಲಿ ಹಿಡಿದು ಒಳಗೆ ಹೋದದ್ದು ನನಗೆ ಗೊತ್ತು. ಮಗು ಎರಡೂ ಮನೆಯಲ್ಲಿ ಚೆನ್ನಾಗಿರುತ್ತದೆ, ಅಕ್ಕನಿಲ್ಲದೆ ಚೆನ್ನಾಗಿರುವುದಿಲ್ಲ ಎಂದು ಅವರು ವಾದ ಮಾಡಿದರಂತೆ. ಅಪ್ಪನನ್ನು ಕೆಟ್ಟವನೆನ್ನಲಿಲ್ಲ, ಅವ್ವನನ್ನು ಒಳ್ಳೆಯವಳೆನ್ನಲಿಲ್ಲ. ಇಬ್ಬರ ಮುಖವೂ ಸಣ್ಣದಾಯಿತಂತೆ. ಆದೇಶದಲ್ಲಿ ನಾವಿಬ್ಬರೂ ಒಂದೇ ಕಡೆ ಬಂದೆವು. ಸಾಲಿಯ ದಿನಗಳಲ್ಲಿ ಅವ್ವನ ಹತ್ತಿರ, ಶನಿವಾರ ಭಾನುವಾರ ಅಪ್ಪನ ಹತ್ತಿರ. ಹೋದರೂ ಬಂದರೂ ಜೊತೆಯಲ್ಲೇ. ಮೊದಮೊದಲ ಶನಿವಾರಗಳಲ್ಲಿ ವಕೀಲಬಾಯಿ ತಾವೇ ಭಾಲ್ಕಿ ಬಸ್‌ಸ್ಟ್ಯಾಂಡಿನವರೆಗೆ ಬರುತ್ತಿದ್ದರು. ನಾವು ಕೂತ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು, ಅಪ್ಪ ನಮ್ಮನ್ನು ಇಳಿಸಿಕೊಳ್ಳುವುದನ್ನು ನೋಡಿ, ಮಾತಾಡಿಸದೆ ತಿರುಗಿ ಹೋಗುತ್ತಿದ್ದರು.

ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೆ ನಾನೊಮ್ಮೆ ಅವರ ಕೋಣೆಗೆ ಹೋದೆ. ನನ್ನ ವ್ಯಾನಿಟಿ ಬ್ಯಾಗನ್ನು ಅದೇ ಮೊಳೆಗೆ ಬಗ್ಗಿ ತೂಗುಹಾಕಿದಾಗ ಅವರು ನಕ್ಕರು. ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಆಗ ಕೇಳಿದೆ. ಆ ಒಂದೇ ಸಹಿ ದೇವನಾಗರಿ ಅಕ್ಷರದಲ್ಲಿತ್ತಲ್ಲ, ಹೌದೇ? ಅಪ್ಪ ಕನ್ನಡದಲ್ಲಿ ಸಹಿ ಮಾಡುವವನು. ಔರಾದದಲ್ಲಿ ಮರಾಠಿ ಸಾಲಿ ಕಲಿತವಳು ಅವ್ವ. ತಮ್ಮನನ್ನು ಅಪ್ಪನ ಕಡೆಯವರು ಕಿತ್ತುಕೊಳ್ಳಲು ಬಂದಿದ್ದರು ಎಂದೇ ನಾನು ತಮ್ಮನಿಗೂ ನನಗೂ ಅಷ್ಟು ಕಾಲ ಹೇಳಿಕೊಂಡು ಬಂದಿದ್ದೆ.

ಹಳೆಯ ಕಾಗದಗಳಿದ್ದ ಕಪಾಟಿನ ಕಡೆ ಅವರು ನೋಡಲೂ ಇಲ್ಲ. "ನಾ ನಿನ್ನ ವಕೀಲ ಬೇಟಾ, ಆಕಿ ವಕೀಲ ಅಲ್ಲ. ಆಕಿ ಮಾತು ಆಕೀಗೇ ಕೇಳು."

"ಆಕಿ ಹೇಳ್ದಿದ್ರ?"

"ಹೇಳೋತನಾ ಕೇಳು. ನಾ ಜಿಂದಗಿ ಪೂರಾ ಅದೇ ಮಾಡೀನಿ."

ಅವರು ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ತಲುಪಿದಾಗ ಮಣ್ಣು ಮಾಡುವುದೂ ಮುಗಿದಿತ್ತು. ಹೋದ ತಿಂಗಳು ದಂತವೈದ್ಯರಲ್ಲಿಂದ ಹೊರಬಂದವಳು, ದವಡೆ ಮರಗಟ್ಟಿದ್ದರೂ, ಆ ಗಲ್ಲಿಗೆ ನಡೆದುಕೊಂಡು ಹೋದೆ. ಕೋಣೆಯಲ್ಲಿ ಈಗ ಝೆರಾಕ್ಸ್ ಅಂಗಡಿ. ಮೊಳೆಗಳು ಹಾಗೇ ಇವೆ. ಮಷೀನಿನ ವೈರನ್ನು ಅವುಗಳ ಮೇಲೆ ಹಾಯಿಸಿಕೊಂಡಿದ್ದಾರೆ. ಇಷ್ಟು ಕೆಳಗೆ ಯಾರು ಹೊಡೆದರೋ ಏನೋ, ಸೊಂಟಕ್ಕೆ ತಾಗ್ತಾವೆ ಎಂದು ಅಂಗಡಿಯವನು ಗೊಣಗಿದ. ಆ ಗೋಡೆಗೆ ಎಷ್ಟು ಮಕ್ಕಳು ಚೀಲ ತೂಗುಹಾಕಿದರೋ, ಅವರ ಪರವಾಗಿ ಮಾತಾಡಿದವರು ಈಗಿಲ್ಲ.

ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ತಮ್ಮ ಭಾಲ್ಕಿಯಲ್ಲಿದ್ದಾನೆ. ಏನು ಕೊಟ್ಟರೂ ಈಗ ಇಡಿಯಾಗಿ ತಿನ್ನುತ್ತಾನೆ, ನನ್ನ ಪಾಲನ್ನೂ ಕೇಳುತ್ತಾನೆ. ಮೊನ್ನೆ ಮಧ್ಯಾಹ್ನ ಅವ್ವ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದಳು. ನಾನು ಎದುರಿಗೆ ಕೂತೆ. ಒಂದು ಕೋಣೆ, ಒಂದು ಡ್ಯೂಟಿ, ಇಬ್ಬರನ್ನೂ ಕಳೆದುಕೊಳ್ಳುವ ಭಯ. ಒಬ್ಬರನ್ನಾದರೂ ಉಳಿಸಿಕೊಳ್ಳಲು ಆಕೆ ಪೆನ್ನು ಹಿಡಿದಿದ್ದರೆ ನಾನು ತಪ್ಪೆನ್ನಲಾರೆ. ಆದರೆ ಹಾಗಿದ್ದರೆ, ಉಳಿಸಿಕೊಂಡದ್ದು ನನ್ನನ್ನು, ಬಿಟ್ಟುಕೊಟ್ಟದ್ದು ತಮ್ಮನನ್ನು… ಅದನ್ನು ತಿಳಿಯದೆ ನಾನು ಇನ್ನು ಮುಂದೆ ಹೋಗುವ ಹಾಗಿಲ್ಲ. ಕೇಳಿದೆ. ಬೇಳೆಯಲ್ಲಿ ಹರಳು ಭಾಳ ಅವೆ ಎಂದು ಅವ್ವ ಮೊರವನ್ನು ಬಾಗಿಲ ಬೆಳಕಿಗೆ ಎತ್ತಿಕೊಂಡು ಹೋದಳು. ನಿನ್ನೆ ಮತ್ತೆ ಕೇಳಿದೆ. ಇವತ್ತೂ ಕೇಳಿದೆ.

"ಅವ್ವಾ, ಆ ಕಾಗದದ ಮ್ಯಾಲಿನ ಸಹಿ ನಿಂದೇ ಇತ್ತೇನು?"