ಲಕ್ಷ್ಮಮ್ಮ ಬದಲಿಸಿದ ಒಂದೇ ಚೀಟಿ

ಚಾಮರಾಜಪುರಂನಲ್ಲಿ ಚಿಕ್ಕಯ್ಯನವರ ಗ್ರಂಧಿಗೆ ಅಂಗಡಿ. ಅಲ್ಲಿ ಇಪ್ಪತ್ತಾರು ವರ್ಷದಿಂದ ಬೇರು, ನಾರು, ಪೂಜೆ ಸಾಮಾನು ಕಟ್ಟಿಕೊಡುವವರು ಲಕ್ಷ್ಮಮ್ಮ. ಇಲವಾಲದಿಂದ ಎಂಟರ ಬಸ್ಸಿಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರೆ ಸಂಜೆಯವರೆಗೆ ಕೂರುವ ಮಾತಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಬೋಗಾದಿಯ ಶಾಲಿನಿ ಇವತ್ತಿಗೂ ನೆನೆಯುವುದು ಇವರನ್ನೇ.

ಮಗುವಾದ ಮೇಲೆ ಶಾಲಿನಿಗೆ ಸಿಕ್ಕ ಮೊದಲ ಕೆಲಸ, ಈ ಅಂಗಡಿಯ ಸಾಮಾನಿನ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವುದು. ಶುಕ್ರವಾರ ಚಿಕ್ಕಯ್ಯನವರು ನೋಡಿ ಒಪ್ಪಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು. ಅವಳು ಟೇಬಲ್ಲಿನಲ್ಲಿ ಮೂರು ಕಾಲಂ ಹಾಕಿದ್ದಳು: ವಿಭಾಗ, ಒಳವಿಭಾಗ, ಗುಂಪು. ಕರ್ಪೂರಕ್ಕೆ ಒಂದೇ ಸಾಕಾಗಿ ಎರಡು ಖಾಲಿ ಉಳಿದವು. ಎಕ್ಕದ ಕಡ್ಡಿಗೆ ಮೂರೂ ಸಾಲಲಿಲ್ಲ: ಪೂಜೆ, ಅದರೊಳಗೆ ಹೋಮ, ಅದರೊಳಗೆ ನವಗ್ರಹ, ಆಮೇಲೆ ಸಮಿತ್ತು. ಹೇಗೋ ತುರುಕಿದ್ದಳು. ಬುಧವಾರ ಚಿಕ್ಕಯ್ಯನವರು, "ಸಮಿತ್ತನ್ನ ಬೇರೆ ವಿಭಾಗ ಮಾಡ್ಬುಡಿ, ಅಂಗಡಿ ಗೂಡಲ್ಲೂ ಪಟ್ಟೀಲೂ" ಅಂದರು. ನಲವತ್ತು ಸಾಲು ತಿದ್ದುವಷ್ಟರಲ್ಲಿ ಅವಳಿಗೆ ಅಳು ಬಂತು.

"ಯಾಕವ್ವ, ಮಗ ನೆನಪಾದ್ನಾ?" ಎಂದರು ಲಕ್ಷ್ಮಮ್ಮ.

"ಇಲ್ಲ ಲಕ್ಷ್ಮಮ್ಮ, ಸಮಿತ್ತಿನ ಜಾಗ ಬದಲಾಯ್ತಲ್ಲ, ಒಂದೊಂದು ಸಾಲೂ ತಿದ್ಬೇಕು. ನಿಮ್ಮದು ಆಗ್ಲೇ ಮುಗೀತಾ?"

"ನಂದೇನು, ಒಂದು ಚೀಟಿ ಕಣವ್ವ!"

ತೋರಿಸಿದರು. ಪ್ರತಿ ಕಟ್ಟಿನ ಚೀಟಿಯಲ್ಲೂ ಅದರ ಚೀಲದ ಹೆಸರು ಮಾತ್ರ. ಚೀಲದ ಚೀಟಿಯಲ್ಲಿ ಗೂಡಿನ ಹೆಸರು ಮಾತ್ರ. "ಎಕ್ಕಕ್ಕೆ ತನ್ನ ಚೀಲ ಗೊತ್ತಿದ್ರೆ ಸಾಕು. ಚೀಲ ಯಾವ ಗೂಡಲ್ಲಿದ್ರೆ ಎಕ್ಕಕ್ಕೇನು? ಸಮಿತ್ತಿನ ಚೀಲ ಬ್ಯಾರೆ ಗೂಡಿಗಿಟ್ಟು ಅದ್ರ ಚೀಟಿ ಬದಲಾಯಿಸ್ಬುಟ್ಟೆ, ಅಂಗೇ ಎಲ್ಲಾ ಬಂದ್ಬುಡ್ತವೆ."

ಶಾಲಿನಿ ಮೂರೂ ಕಾಲಂಗಳನ್ನು ಅಳಿಸಿದಳು. ವಿಭಾಗಗಳಿಗೆಲ್ಲ ಒಂದೇ ಟೇಬಲ್ಲು. ಪ್ರತಿ ಸಾಲಿನಲ್ಲಿ ಒಂದು ನಂಬರು, ಹೆಸರು, ತನಗಿಂತ ಒಂದೇ ಮೆಟ್ಟಿಲು ಮೇಲಿರುವುದರ ನಂಬರು. ಎಲ್ಲಕ್ಕೂ ಮೇಲಿನದಕ್ಕೆ ಆ ಜಾಗ ಖಾಲಿ. ಸಾಮಾನಿನ ಮುಂದೆ ಅದರ ವಿಭಾಗದ ನಂಬರು ಮಾತ್ರ. ಎಷ್ಟು ಒಳಗೊಳಗೆ ಹೋದರೂ ಸರಿಯೇ. ಗುರುವಾರವೆಲ್ಲ ಅತ್ತೆ ಪ್ರೇಮಮ್ಮನವರು ಮಗುವನ್ನು ನೋಡಿಕೊಂಡರು, ಪಾಪ.

ಶುಕ್ರವಾರ ಚಿಕ್ಕಯ್ಯನವರು ಕನ್ನಡಕ ಏರಿಸಿ, "ಎಲ್ಲಿ, ಸಮಿತ್ತನ್ನ ವಾಪಸ್ ನವಗ್ರಹಕ್ಕೇ ಹಾಕಿ, ನೋಡೋಣ" ಅಂದರು. ಶಾಲಿನಿ ಸಮಿತ್ತಿನ ಸಾಲಿನಲ್ಲಿ ಒಂದೇ ಒಂದು ನಂಬರು ಬದಲಿಸಿದಳು. ಎಕ್ಕ, ಮುತ್ತುಗ, ಅತ್ತಿ, ಎಲ್ಲವೂ ನವಗ್ರಹದ ಕೆಳಗೆ ಬಂದು ನಿಂತವು.

"ಪರ್ವಾಗಿಲ್ವೇ! ನಮ್ಮ ತಮ್ಮನ ಅಂಗಡೀದೂ ನೀವೇ ಮಾಡಿ."

"ಸಾರ್, ಈ ಉಪಾಯ ಲಕ್ಷ್ಮಮ್ಮಂದು."

"ಸುಮ್ನಿರವ್ವ," ಲಕ್ಷ್ಮಮ್ಮ ಒಳಗಿನಿಂದಲೇ ಕೂಗಿದರು, "ಆಮೇಲೆ ಕಂಪ್ಯೂಟ್ರೂ ನೀನೇ ನೋಡ್ಕೊ ಅಂದ್ಬುಟ್ಟಾರು!"

ಶಾಲಿನಿ ಸುಮ್ಮನಿರಲಿಲ್ಲ. ಆ ಟೇಬಲ್ಲನ್ನು ವಿವರಿಸುವ ಟಿಪ್ಪಣಿಯ ಮೊದಲ ಸಾಲಿನಲ್ಲಿ ಅವರ ಹೆಸರನ್ನೇ ಬರೆದಳು.