ಗುರುತಿಲ್ಲದವನಿಗೆ ಕೊಟ್ಟ ಬೆಲ್ಲ

ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಹಾಡಹಗಲೇ ಮನೆಗಳಿಗೆ ಬಂದು ಹೆಂಗಸರನ್ನು ಕೊಲ್ಲುತ್ತಿದ್ದವನೊಬ್ಬ ಇದ್ದ. ಅವನ ಕೈಗೆ ಸಿಕ್ಕವರಲ್ಲಿ ನನ್ನ ಅಕ್ಕ ಎರಡನೆಯವಳು. ಇಪ್ಪತ್ತು ವರ್ಷದ ಮೇಲಾಯಿತು. ಆ ಕೊಲೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾಗಿರುವುದು ಒಂದು ಚೂರು ಬೆಲ್ಲದ ವಿಷಯ.

ನಮ್ಮ ತವರು ಆನಂದಪುರ. ಮನೆ ಶಿವಮೊಗ್ಗ ರಸ್ತೆಗೆ ತಾಗಿಕೊಂಡೇ ಇತ್ತು. ಬಸ್ಸು ತಪ್ಪಿದವರು, ಗಾಡಿ ಕೆಟ್ಟು ನಿಂತವರು ನಮ್ಮ ಜಗಲಿಗೆ ಬಂದು ಕೂರುವುದು ದಿನಾ ಇದ್ದದ್ದೇ. ಯಾರೇ ಬರಲಿ, ಅವ್ವ ಮೊದಲು ಒಂದು ಚೊಂಬು ನೀರು, ಸಣ್ಣ ತಟ್ಟೆಯಲ್ಲಿ ಬೆಲ್ಲ ತಂದಿಡುತ್ತಿದ್ದಳು. ಯಾವ ಊರು, ಯಾರ ಪೈಕಿ ಎಂಬುದೆಲ್ಲ ಆಮೇಲೆ. ನಾವು ಅಕ್ಕತಂಗಿಯರು ಮರೆತು ಬರೀ ನೀರು ಕೊಟ್ಟರೆ ಒಳಗಿನಿಂದಲೇ ಕೂಗುತ್ತಿದ್ದಳು: “ಬರೀ ನೀರು ಕೊಡಕ್ಕೆ ಅವ್ರೇನು ದನನಾ? ಬೆಲ್ಲ ತಗಂಡ್ ಹೋಗ್ರೇ!”

ಮದುವೆಯಾಗಿ ಬೆಂಗಳೂರಿಗೆ ಹೋದ ಮೇಲೂ ಅಕ್ಕ ಇದನ್ನು ಬಿಡಲಿಲ್ಲ. ಆ ದಿನ ಭಾವ ಕಾರ್ಖಾನೆಗೆ ಹೋಗಿದ್ದರು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಾರೋ ಬಾಗಿಲಲ್ಲಿ ನಿಂತು ನೀರು ಕೇಳಿದ್ದಾನೆ. ಪೊಲೀಸರು ಬಂದಾಗ ಹೊಸ್ತಿಲ ಹತ್ತಿರ ಚೊಂಬು ಉರುಳಿತ್ತು. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಬೆಲ್ಲ.

ಆ ಬೆಲ್ಲವೇ ಮುಳುವಾಯಿತು. ನೀರು ಕೇಳಿದವನಿಗೆ ನೀರು ಕೊಡುವುದು ಸರಿ, ಬೆಲ್ಲ ಯಾಕೆ ಕೊಡುತ್ತಾರೆ ಎಂದು ಅಲ್ಲಿಯವರು ಕೇಳಿದರು. ಬಂದವನು ಗುರುತಿನವನೇ ಇರಬೇಕು, ಗಂಡ ಇಲ್ಲದ ಹೊತ್ತು ನೋಡಿ ಬರುವಷ್ಟು ಗುರುತಿನವನು. ಪತ್ರಿಕೆಯಲ್ಲೂ ಹಾಗೇ ಬಂತು. ಭಾವನನ್ನು ಮೂರು ದಿನ ಠಾಣೆಯಲ್ಲಿ ಕೂರಿಸಿ, “ನಿನ್ನ ಹೆಂಡತಿಗೆ ಯಾರ್ಯಾರ ಪರಿಚಯ ಇತ್ತು, ಹೇಳು” ಎಂದು ಕೇಳಿದರಂತೆ. ತಿಥಿಯ ದಿನ ನಮ್ಮ ಜಗಲಿಯಲ್ಲೇ ಕೂತಿದ್ದ ಇಬ್ಬರು ಹೆಂಗಸರು, “ಬೆಂಕಿ ಇಲ್ದೆ ಹೊಗೆ ಬರುತ್ತಾ?” ಎಂದದ್ದು ನನಗೂ ಕೇಳಿತು, ಅವ್ವನಿಗೂ ಕೇಳಿತು. ಅವರ ಮುಂದೆಯೂ ಬೆಲ್ಲದ ತಟ್ಟೆ ಇತ್ತು.

ಅವತ್ತಿನಿಂದ ಅವ್ವ ಯಾರಿಗೂ ಬೆಲ್ಲ ಕೊಡಲಿಲ್ಲ. ನೀರು ಕೊಡುತ್ತಿದ್ದಳು, ಬರೀ ನೀರು. “ನಾನೇ ಕಲ್ಸಿದ್ದು” ಎಂದು ಒಂದೇ ಒಂದು ಸಲ ಹೇಳಿದಳು.

ಕೊಂದವನು ಮುಂದೆ ಬೇರೆ ಕಡೆ ಸಿಕ್ಕಿಬಿದ್ದ. ಆ ಹೆಂಗಸರು ಯಾರೂ ತನಗೆ ಗೊತ್ತಿರಲಿಲ್ಲ, ಬಾಗಿಲು ತೆರೆದ ಮನೆ ನೋಡಿ ನೀರು ಕೇಳುತ್ತಿದ್ದೆ ಎಂದು ಕೋರ್ಟಿನಲ್ಲಿ ಅವನೇ ಒಪ್ಪಿಕೊಂಡ. ತೀರ್ಪಿನಲ್ಲಿ ಅದು ಇದೆ. ಆದರೆ ಇಂಥ ಕಥೆ ಹೇಳುವವರು ತೀರ್ಪು ಓದುವುದಿಲ್ಲ, ಹಳೆಯ ಪತ್ರಿಕೆ ಓದುತ್ತಾರೆ. ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಬೆಂಗಳೂರನ್ನು ನಡುಗಿಸಿದ ಕೊಲೆಗಳು ಎಂದು ಶುರುವಾದರೆ, ಅಕ್ಕನ ಸರದಿಯಲ್ಲಿ ಆ ಗುರುತಿನವನು ಬಂದೇ ಬರುತ್ತಾನೆ.

ಹೋದ ವರ್ಷ ಅವ್ವ ಸಾಗರದ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಳು. ಕೊನೆಕೊನೆಗೆ ನನ್ನ ಕೈ ಹಿಡಿದು, “ಗುರುತಿಲ್ದೋನಿಗೇ ಕೊಟ್ಟಿದ್ದು ಅಂತ ಯಾರ ಕೈಲಾದ್ರೂ ಹೇಳ್ಸೇ” ಎಂದಳು. ನಾನು ಏಳನೇ ಕ್ಲಾಸು ಓದಿದವಳು, ಬಟ್ಟೆ ಹೊಲಿಯುವವಳು. ಯಾರ ಕೈಲಿ ಹೇಳಿಸಲಿ? ಆದರೂ ಹೇಳಿಸ್ತೀನಿ ಎಂದೆ.

ಅವ್ವ ಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಹೊಲಿಯುತ್ತಾ ಕೂತಿದ್ದಾಗ ಬಾಗಿಲಿಗೆ ಇಬ್ಬರು ಬಂದರು. ಒಬ್ಬಳು ಹುಡುಗಿ, ಜೊತೆಗೆ ಚೀಲ ಹೊತ್ತ ಗಡ್ಡದ ಗಂಡಸು. ಬಿಸಿಲಿಗೆ ಇಬ್ಬರ ಮುಖವೂ ಕೆಂಪಾಗಿತ್ತು. “ಆಂಟಿ, ಸ್ವಲ್ಪ ನೀರು ಸಿಗುತ್ತಾ?” ಎಂದಳು ಹುಡುಗಿ. ಒಳಗೆ ಹೋಗಿ ಚೊಂಬು ತುಂಬಿದೆ. ಬೇಡ ಅನ್ನುವುದಕ್ಕೆ ಈಗ ಅವ್ವ ಇಲ್ಲವಲ್ಲ ಎಂದುಕೊಂಡು ಬೆಲ್ಲದ ಡಬ್ಬಿ ತೆಗೆದೆ.

“ನಮ್ಮಪ್ಪಂಗೆ ಶುಗರ್ರು. ಇದನ್ನ ನೋಡಿದ್ರೆ ಅತ್ತೇಬಿಡ್ತಿದ್ರು” ಎಂದು ಗಡ್ಡದವನು ನಗುತ್ತಾ ಎರಡು ಚೂರು ಬಾಯಿಗೆ ಹಾಕಿಕೊಂಡ. ನೀರು ಕುಡಿದಾದ ಮೇಲೆ, ತಾವು ಹಳೆಯ ಕೊಲೆಗಳ ಬಗ್ಗೆ ವಿಡಿಯೊ ಮಾಡುವವರು, ಆನಂದಪುರದಲ್ಲಿ ಮನೆ ಕೇಳಿಕೊಂಡು ಬಂದೆವು, ಅಕ್ಕನ ಫೋಟೊ ಬೇಕಿತ್ತು ಎಂದರು.

“ಏನು ಬರ್ಕಂಡು ಬಂದಿದೀರಿ, ಮೊದ್ಲು ಓದಿ.”

ಹುಡುಗಿಯೂ ಒಂದು ಚೂರು ಬೆಲ್ಲ ಬಾಯಿಗಿಟ್ಟುಕೊಂಡು, ಮೊಬೈಲು ನೋಡಿ ಓದಿದಳು. “ಹಂತಕ ಆಕೆಗೆ ಪರಿಚಿತನೇ? ಅಲ್ಲದಿದ್ದರೆ ಬೆಲ್ಲ ಯಾಕೆ?”

“ನಾನು ನಿಮಗೆ ಪರಿಚಯನಾ?”

“ಇಲ್ಲ ಆಂಟಿ.”

“ಮತ್ತೆ ಬಾಯಲ್ಲಿರೋದು ಏನು?”

ಅವಳು ಅಗಿಯುವುದನ್ನು ನಿಲ್ಲಿಸಿದಳು.

“ಜನಕ್ಕೆ ಒಂದು ಸಸ್ಪೆನ್ಸ್ ಬೇಕಲ್ಲ ಆಂಟಿ. ಅದೊಂದು ಹೋದ್ರೆ ಎಪಿಸೋಡೇ ಸಪ್ಪೆ” ಎಂದ ಗಡ್ಡದವನು.

“ಸಪ್ಪೆ ಆದ್ರೆ ಇನ್ನೊಂದು ಚೂರು ಬೆಲ್ಲ ಕೊಡ್ತೀನಿ. ಆ ಮಾತು ತೆಗೀರಿ, ಫೋಟೊ ಕೊಡ್ತೀನಿ. ಆಗಲ್ಲ ಅಂದ್ರೆ ಬಸ್‌ಸ್ಟ್ಯಾಂಡ್ ಇಲ್ಲೇ ಹತ್ರ.”

ಭಾವ ಕೊಟ್ಟಿದ್ದ ತೀರ್ಪಿನ ಪ್ರತಿ ಟ್ರಂಕಿನಲ್ಲಿತ್ತು. ಬೇಕಾದ ಪುಟ ಬೇಗ ಸಿಗಲೆಂದು ಅದರ ಅಂಚಿಗೆ ಕೆಂಪು ದಾರದ ಎರಡು ಹೊಲಿಗೆ ಹಾಕಿಟ್ಟಿದ್ದೆ. ಹುಡುಗಿ ಅದನ್ನು ಎರಡು ಸಲ ಓದಿದಳು. ಆಮೇಲೆ, “ಇದನ್ನ ನೀವೇ ಹೇಳ್ತೀರಾ ಆಂಟಿ?” ಎಂದಳು. ನಾನು ಯಾವತ್ತೂ ಕ್ಯಾಮೆರಾದ ಮುಂದೆ ಕೂತವಳಲ್ಲ. ಸೆರಗು ಸರಿಮಾಡಿಕೊಂಡು ಕೂತೆ. ಹೇಳಿದ್ದು ಇಷ್ಟೇ: “ನಮ್ಮ ಕಡೆ ನೀರು ಕೇಳಿದವರಿಗೆ ಬೆಲ್ಲಾನೂ ಕೊಡ್ತೀವಿ. ಅದಕ್ಕೆ ಗುರುತು ಬೇಕಾಗಲ್ಲ. ಅಕ್ಕ ಗುರುತಿಲ್ಲದವನಿಗೇ ಕೊಟ್ಟಿದ್ದು.”

ಎರಡು ವಾರದ ಮೇಲೆ ವಿಡಿಯೊ ಬಂತು. ಆ ಮಾತು ಇರಲಿಲ್ಲ, ನನ್ನ ಮಾತು ಇತ್ತು. ಅವ್ವನ ಫೋಟೊದ ಮುಂದೆ ಮೊಬೈಲು ನಿಲ್ಲಿಸಿ ಇನ್ನೊಮ್ಮೆ ಹಾಕಿದೆ. ವಿಡಿಯೊದ ಕೆಳಗೆ ಯಾರೋ, “ಏನೇ ಹೇಳಿ, ಗೊತ್ತಿರೋನೇ ಇರ್ಬೇಕು” ಎಂದು ಬರೆದಿದ್ದರು. ಕನ್ನಡಕ ಹಾಕಿಕೊಂಡು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ, ಅದೇ ಮೂರು ಮಾತನ್ನು ಅದರ ಕೆಳಗೆ ಬರೆದೆ. ಮರುದಿನ ಇನ್ನೊಬ್ಬರು ಬರೆದರು, ಅವರಿಗೂ ಬರೆದೆ.

ಬೆಲ್ಲದ ಡಬ್ಬಿ ಈಗ ಅಡಿಗೆಮನೆಯಲ್ಲಿಲ್ಲ. ಹೊಲಿಗೆ ಮಿಷನ್ನಿನ ಪಕ್ಕ, ಬಾಗಿಲಿಗೆ ಹತ್ತಿರ ಇಟ್ಟುಕೊಂಡಿದ್ದೇನೆ. ಇವತ್ತು ಬೆಳಿಗ್ಗೆ ಮತ್ತೊಬ್ಬರು ಬರೆದಿದ್ದಾರೆ. ಈ ಕುಪ್ಪಸದ ತೋಳು ಕೂಡಿಸಿದ ಮೇಲೆ ಅವರಿಗೂ ಬರೆಯಬೇಕು.