ಸೋದರಮಾವ ಕಲಿಸಿದ ಮೋಲಿನ ಲೆಕ್ಕ

ಸುಗಟೂರಿನ ವೆಂಕಟರಾಯಪ್ಪನ ಮಗಳು ರಂಜಿತಳಿಗೆ ಇಪ್ಪತ್ತು ತುಂಬಿದರೂ ಪಿಯುಸಿಯ ರಸಾಯನಶಾಸ್ತ್ರ ಮಾತ್ರ ದಾಟಿರಲಿಲ್ಲ. ಮಿಕ್ಕ ವಿಷಯಗಳನ್ನೆಲ್ಲ ನೀರು ಕುಡಿದ ಹಾಗೆ ಓದಿ ಮುಗಿಸಿದ ಹುಡುಗಿಗೆ ಈ ಮೋಲು ಅನ್ನುವುದು ಕಬ್ಬಿಣದ ಕಡಲೆ. ಇಪ್ಪತ್ತೆಂಟು ಗ್ರಾಂ ನೈಟ್ರೋಜನ್ ಅನಿಲ ಎಷ್ಟು ಮೋಲು ಎಂದು ಕೇಳಿದರೆ ಎರಡು ಎಂದು ಬರೆದು ಬರುವಳು. ಸರಿಯುತ್ತರ ಒಂದು. ಬುಡದ ಲೆಕ್ಕವೇ ಹೀಗಾದ ಮೇಲೆ ಅದರ ಮೇಲೆ ನಿಂತ ಪಾಠಗಳು ತಲೆಗೆ ಹತ್ತುವುದುಂಟೇ? ಎರಡು ಸಲ ಪರೀಕ್ಷೆ ಕಟ್ಟಿ ಎರಡು ಸಲವೂ ಮಣ್ಣುಮುಕ್ಕಿದ್ದಳು.

ಬರೀ ಫೇಲಾಗಿದ್ದರೆ ಯಾರಿಗೇನೂ ನಷ್ಟವಿರಲಿಲ್ಲ. ಆದರೆ ಮನೆಯಲ್ಲಿ ಅಜ್ಜಿ ಅಶ್ವತ್ಥಮ್ಮ ಇದ್ದಳು. ಅವಳು ತಾಯಿ ಸುನಂದಳ ತಾಯಿ, ನಂಗಲಿ ಕಡೆಯವಳು, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವಳು. ಅವಳ ಕಿರಿಯ ಮಗ ಮುನಿಕೃಷ್ಣ ನರಸಾಪುರದ ಒಂದು ಕಾರ್ಖಾನೆಯಲ್ಲಿ ನೀರು ಪರೀಕ್ಷಿಸುವ ಕೆಲಸದಲ್ಲಿದ್ದ. ರಂಜಿತ ಹುಟ್ಟಿದ ದಿನವೇ, ಇವಳು ನನ್ನ ಮುನಿಕೃಷ್ಣನಿಗೆ ಎಂದು ಅಜ್ಜಿ ಊರಿಗೆಲ್ಲ ಸಾರಿಬಿಟ್ಟಿದ್ದಳಂತೆ. ಸೋದರಮಾವನಿಗೆ ಹೆಣ್ಣು ಕೊಡುವುದು ಅವರಲ್ಲಿ ಹೊಸದೇನಲ್ಲ, ಕೊಡದಿದ್ದರೇ ಜನ ಯಾಕೆ ಏನು ಅಂತ ಕೇಳುತ್ತಾರೆ. ರಂಜಿತಳಿಗೋ ನರ್ಸಿಂಗ್ ಓದುವ ಆಸೆ. ಅತ್ತು ಕರೆದು, ಊಟ ಬಿಟ್ಟು, ಕೊನೆಗೆ ಅಪ್ಪನಿಂದ ಒಂದು ಮಾತು ತೆಗೆದುಕೊಂಡಿದ್ದಳು. ಈ ಸಲ ಪಾಸಾದರೆ ಕೋಲಾರದಲ್ಲಿ ನರ್ಸಿಂಗ್, ಫೇಲಾದರೆ ಶ್ರಾವಣದಲ್ಲಿ ಮದುವೆ.

ಟ್ಯೂಷನ್ನಿಗೆ ಕೋಲಾರಕ್ಕೆ ಹೋಗಿಬರುತ್ತೇನೆ ಎಂದಳು. ರೇಷ್ಮೆಹುಳುವಿನ ಮನೆಯಲ್ಲಿ ಸೊಪ್ಪು ಹಾಕುವವರು ಯಾರು ಎಂದಳು ತಾಯಿ. ಆಗ ಅಜ್ಜಿ ತೀರ್ಪು ಕೊಟ್ಟಳು: ನಮ್ಮ ಮುನಿಕೃಷ್ಣ ಓದಿದ್ದೇ ಅದನ್ನಲ್ಲವೇ, ರಜೆಯ ದಿನ ಬಂದು ಹೇಳಿಕೊಡಲಿ. ತೋಳನನ್ನು ಕುರಿ ಕಾಯಲು ಬಿಡುವುದೆಂದರೆ ಇದೇ. ಅವಳು ಫೇಲಾದರೆ ತಾನು ಮದುಮಗನಾಗುವವನು ಅವಳಿಗೆ ಮೇಷ್ಟ್ರು! ಆ ಮನೆಯಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ರಂಜಿತಳೊಬ್ಬಳಿಗೆ ಬಿಟ್ಟು.

ಪಾಠ ಜಗಲಿಯ ಮೇಲೆ. ಪಕ್ಕದಲ್ಲೇ ಅಜ್ಜಿ ಸೊಪ್ಪಿನ ಕಡ್ಡಿ ಬಿಡಿಸುತ್ತಾ ಕಾವಲು. ದಾರಿಯಲ್ಲಿ ಹೋಗುವವರೆಲ್ಲ ಒಂದು ಗಳಿಗೆ ನಿಂತು ನೋಡಿಯೇ ಮುಂದೆ ಹೋಗುವರು. ಎದುರು ಮನೆಯ ಅಕ್ಕಯಮ್ಮನಂತೂ, ಈಗಲೇ ಹೀಗೆ ತಲೆಗೆ ತಲೆ ಕೊಟ್ಟು ಕೂತರೆ ಮುಂದೆ ಹೇಗಪ್ಪಾ ಎಂದು ಛೇಡಿಸಿ ಹೋದಳು. ರಂಜಿತಳಿಗೆ ಮೈಯೆಲ್ಲ ಉರಿಯಿತು. ಎದ್ದು ಹೋದರೆ ಪಾಠ ತಪ್ಪುತ್ತದೆ, ಕೂತರೆ ಊರ ಬಾಯಿಗೆ ಬೀಳಬೇಕು. ಕೂತಳು. ಮಾವ ಹೇಳಿಕೊಟ್ಟ ಒಂದೊಂದು ಉತ್ತರವನ್ನೂ ಅವನು ಹೋದ ಮೇಲೆ ಪುಸ್ತಕದ ಹಿಂದಿನ ಉತ್ತರಗಳ ಜೊತೆ ಹೋಲಿಸಿ ನೋಡುವಳು. ಬೇಕೆಂದೇ ತಪ್ಪು ಕಲಿಸುತ್ತಿದ್ದಾನೆ ಎಂಬ ಅನುಮಾನ ಅವಳಿಗೆ. ಎಲ್ಲಿಯೂ ತಪ್ಪು ಸಿಗಲಿಲ್ಲ.

ಸಿಗುವುದಿರಲಿ, ಮೋಲೆಂದರೇನೆಂದು ಮೊದಲ ಬಾರಿಗೆ ಅವಳ ತಲೆಗೆ ಹೊಕ್ಕಿದ್ದೇ ಅವನಿಂದ. ನಾವು ನೂರು ಮೊಟ್ಟೆ ಹುಳು ಮೇಯಿಸುತ್ತೇವೆ ಅನ್ನುತ್ತೇವಲ್ಲ, ನೂರೇ ಹುಳುವಾ ಇರುವುದು ಎಂದು ಅವನು ಕೇಳಿದ. ಅವಳು ನಕ್ಕಳು. ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಷ್ಟೂ ಮೊಟ್ಟೆ, ಸುಮಾರು ಐನೂರು. ಇದು ಅಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮೋಲೂ ಅಂಥದ್ದೇ ಒಂದು ಕಟ್ಟು ಎಂದ ಅವನು.

"ಯಾರಾದ್ರೂ ಕೂತು ಹುಳ ಎಣಿಸ್ತಾರೇನೇ? ಗೂಡಾದ್ಮೇಲೆ ತೂಕ ಹಾಕ್ತೀವಿ. ಬಿಳಿ ಗೂಡು, ಹಳದಿ ಗೂಡು, ಎಣಿಕೆ ಒಂದೇ ಇದ್ರೂ ತೂಕ ಬೇರೆ. ನಿನ್ನ ನೈಟ್ರೋಜನ್ ಜೋಡಿಯಾಗೇ ಓಡಾಡೋದು ಕಣೇ. ಹದಿನಾಲ್ಕು ಒಂದರ ತೂಕ. ಜೋಡಿದು ಇಪ್ಪತ್ತೆಂಟು."

ಅದೇ ವಾರ ಹುಳು ಜ್ವರಕ್ಕೆ ಕೂತವು. ಹುಳು ಪೊರೆ ಬಿಡುವ ಕಾಲವನ್ನು ಅಲ್ಲಿ ಜ್ವರ ಅನ್ನುವುದು. ಆಗ ಹಾಸಿಗೆಯ ಮೇಲೆ ಅರಳಿದ ಸುಣ್ಣದ ಪುಡಿ ಉದುರಿಸಬೇಕು. ಹುಳುವಿನ ಮನೆಯ ಹಿಂದೆ ಸುಟ್ಟ ಸುಣ್ಣದ ಹೆಂಟೆಗೆ ನೀರು ಚಿಮುಕಿಸುತ್ತಾ ಮುನಿಕೃಷ್ಣ ಲೆಕ್ಕ ಕೇಳಿದ: ಇನ್ನೂರ ಎಂಬತ್ತು ಗ್ರಾಂ ಸುಣ್ಣ, ಒಂದು ಮೋಲಿಗೆ ಐವತ್ತಾರು. ಅರಳಲು ನೀರೆಷ್ಟು ಬೇಕು? ಅವಳು ಪೆನ್ನು ಹುಡುಕಲಿಲ್ಲ. ಐದು ಮೋಲು ಸುಣ್ಣಕ್ಕೆ ಐದು ಮೋಲು ನೀರು, ಐದು ಹದಿನೆಂಟಲ ತೊಂಬತ್ತು ಎಂದಳು. ಬಿಸಿಗೆ ಒಂದಷ್ಟು ಆವಿಯಾಗಿ ಹೋಗುತ್ತಲ್ಲ, ಚೂರು ಹೆಚ್ಚೇ ಹಾಕು ಎಂದು ತಾನೇ ಸೇರಿಸಿದಳು. ಅಜ್ಜಿ ಅಲ್ಲಿರಲಿಲ್ಲ. ರಂಜಿತಳಿಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟಳು, ನಾನು ಪಾಸಾದರೆ ನಿನಗೆ ನಷ್ಟ ತಾನೇ ಎಂದು.

ಮುನಿಕೃಷ್ಣ ಆಚೆ ಈಚೆ ನೋಡಿದ. ಮಾಲೂರಿನ ರಜನಿ ಎಂಬ ಹುಡುಗಿ ತನ್ನ ಜೊತೆ ಕೆಲಸ ಮಾಡುತ್ತಾಳೆ, ಇಬ್ಬರೂ ಒಪ್ಪಿಕೊಂಡಿದ್ದೇವೆ, ಅಮ್ಮನ ಮುಂದೆ ಬಾಯಿ ಬಿಡುವ ಧೈರ್ಯ ತನಗಿಲ್ಲ ಎಂದ. "ನೀನು ಪಾಸಾಗ್ಬಿಡು ಕಣೇ, ನಾನೂ ಬದುಕ್ಕೊಳ್ತೀನಿ. ಯಾರಿಗೂ ಹೇಳ್ಬೇಡ, ನನ್ನಾಣೆ." ರಂಜಿತ ಆಣೆಯಿಟ್ಟಳು. ಆ ದಿನದಿಂದ ಅವಳಿಗೆ ಅವನ ಮೇಲಿದ್ದ ಕೋಪವೇ ಹೋಯಿತು. ಅಯ್ಯೋ ಪಾಪ, ಒಂದೇ ಬಲೆಯಲ್ಲಿ ಸಿಕ್ಕ ಇನ್ನೊಂದು ಜೀವ ಅನ್ನಿಸಿತು. ಪಾಸಾದರೆ ಬಿಡುಗಡೆ ಇಬ್ಬರಿಗೂ. ಹಗಲೆಲ್ಲ ಸೊಪ್ಪು ಹಾಕುತ್ತಾ ಬಾಯಲ್ಲಿ ಮೋಲಿನ ಲೆಕ್ಕ ಗುಣುಗಿದಳು. ಪರೀಕ್ಷೆಯಲ್ಲಿ ಬೇರೆಯವರು ಬಿಟ್ಟು ಬಂದ ಲೆಕ್ಕಗಳನ್ನೂ ಬಿಡದೆ ಮಾಡಿ ಬಂದಳು.

ಫಲಿತಾಂಶ ಬಂದ ದಿನ ಮುನಿಕೃಷ್ಣ ಕಂಪನಿ ಬಸ್ಸಿಳಿದು ನೇರ ಸುಗಟೂರಿಗೇ ಬಂದ. ಫಸ್ಟ್ ಕ್ಲಾಸ್ ಅಂಕ. ತಾಯಿ ಕಣ್ಣೊರೆಸಿಕೊಂಡಳು. ಅಪ್ಪ ಅಕ್ಕಪಕ್ಕದವರನ್ನೆಲ್ಲ ಕರೆದ. ರಂಜಿತಳಿಗೆ ಮನೆಯ ಗೋಡೆಗಳೇ ನಾಲ್ಕು ಅಡಿ ಹಿಂದೆ ಸರಿದ ಹಾಗಿತ್ತು. ಕಾಲೇಜಿಗೆ ಅರ್ಜಿ ಹಾಕಲು ನಾಳೆಯೇ ಕೋಲಾರಕ್ಕೆ ಹೋಗೋಣ ಎಂದು ಅಪ್ಪನಿಗೆ ಹೇಳಿದಳು. ಹೋಗೋಣ ಬಿಡಮ್ಮ ಎಂದು ಅಪ್ಪ ಅತ್ತೆಯ ಮುಖ ನೋಡಿದ.

ಅಶ್ವತ್ಥಮ್ಮ ಸಕ್ಕರೆ ಡಬ್ಬಿ ಹಿಡಿದು ಬಂದಳು. "ಎರಡು ಸಲ ಫೇಲಾದೋಳನ್ನ ನನ್ನ ಮಗ ಫಸ್ಟ್ ಕ್ಲಾಸಲ್ಲಿ ಪಾಸ್ ಮಾಡಿಸ್ದ. ಇಂಥಾ ಅಲ್ಲುಡು ಎಕ್ಕಡ ದೊರುಕುತಾಡಪ್ಪಾ, ಇಂಥಾ ಅಳಿಯ ಎಲ್ಲಿ ಸಿಗ್ತಾನೆ? ಮದ್ವೆ ಮಾಡ್ಕೊಂಡು ಆಮೇಲೆ ಅವನೇ ಓದಿಸ್ಲಿ." ಅಕ್ಕಯಮ್ಮ ಅದಕ್ಕೆ ದನಿಗೂಡಿಸಿದಳು, ಊರೆಲ್ಲ ಜಗಲಿ ಮೇಲೆ ನೋಡಿದ ಜೋಡಿ, ಇನ್ನು ಬೇರೆ ಕಡೆ ಕೊಡುವುದಕ್ಕಾಗುತ್ತದೆಯೇ ಎಂದು. ಅಪ್ಪ, ಓದು ನಿಲ್ಲಿಸುತ್ತೇವೆ ಅಂತ ಯಾರೂ ಅಂದಿಲ್ಲವಲ್ಲಮ್ಮ ಎಂದು ಗೊಣಗಿದ. ಕೊಟ್ಟ ಮಾತು ಅಷ್ಟರಲ್ಲಿ ಮುಗಿಯಿತು.

ರಂಜಿತ ಮಾವನ ಕಡೆ ನೋಡಿದಳು. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಅವನೇ ಆಡಬೇಕು, ಆಣೆಯಿಟ್ಟವಳು ಅವಳು. ಏನಂತೀಯೋ ಎಂದು ಅಜ್ಜಿ ಮಗನನ್ನು ಕೇಳಿದಳು. ಮುನಿಕೃಷ್ಣ ಕಂಪನಿಯ ಗುರುತಿನ ಚೀಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನೀನು ಹೆಂಗೇಳಿದ್ರೆ ಹಂಗೆ ಅಮ್ಮ" ಎಂದ.

ರಂಜಿತಳ ಮುಖ ಕೆಂಪಾಯಿತು. ನೋಡಿ ಎಷ್ಟು ನಾಚಿಕೆ ಎಂದು ಅಜ್ಜಿ ನಕ್ಕಳು, ಎಲ್ಲರೂ ನಕ್ಕರು. ನಾಚಿಕೆಯಲ್ಲ, ಸಿಟ್ಟು ಎಂದು ಹೇಳಲು ಅವಳು ಬಾಯಿ ತೆರೆದಳು. ಅಜ್ಜಿ ಅದರೊಳಕ್ಕೆ ಒಂದು ಹಿಡಿ ಸಕ್ಕರೆ ತುಂಬಿದಳು.